ಬ್ಯಾಟರಿಯ ಆಯುಸ್ಸು

ಹರಿಯುವ ನೀರನ್ನು ಕಟ್ಟೆ ಕಟ್ಟಿ ನಿಲ್ಲಿಸಬಹುದು. ಬೆಳೆದ ರಾಗಿಯನ್ನು ಹಗೇವಿನಲ್ಲಿ ತುಂಬಿ ವರ್ಷಗಟ್ಟಲೆ ಕಾಪಾಡಬಹುದು. ಆದರೆ ವಿದ್ಯುತ್ತನ್ನು ಹೀಗೆ ಒಂದೆಡೆ ಕೂಡಿಡುವುದು ಸುಲಭವಾದ ಕೆಲಸವಲ್ಲ. ಶರಾವತಿಯ ನೀರಿನ ರಭಸದಿಂದ ಹುಟ್ಟಿದ ವಿದ್ಯುತ್ತು ಹುಟ್ಟಿದ ಕ್ಷಣದಲ್ಲಿಯೇ ಎಲ್ಲಿಯೋ ಒಂದು ದೀಪವನ್ನು ಬೆಳಗಬೇಕು, ಒಂದು ಪಂಪನ್ನು ತಿರುಗಿಸಬೇಕು. ತಂತಿಯ ಹಂಗಿಲ್ಲದೆ ವಿದ್ಯುತ್ತನ್ನು ಹೋದಲ್ಲಿಗೆ ಒಯ್ಯಬೇಕೆಂಬ ಮನುಷ್ಯನ ಬಯಕೆ ಎರಡು ಶತಮಾನಗಳಿಗೂ ಹಿಂದಿನದು. 1800ರಲ್ಲಿ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ ಎಂಬ ವಿಜ್ಞಾನಿ ಎರಡು ಬೇರೆ ಬೇರೆ ಲೋಹಗಳ ಬಿಲ್ಲೆಗಳನ್ನು ಒಂದರ ಮೇಲೊಂದು ಪೇರಿಸಿ, ನಡುನಡುವೆ ಉಪ್ಪುನೀರಿನಲ್ಲಿ ನೆನೆಸಿದ ತುಂಡುಗಳನ್ನಿಟ್ಟು, ಎಡೆಬಿಡದೆ ಹರಿಯುವ ವಿದ್ಯುತ್ತನ್ನು ಪಡೆದನು. ಇಂದು ವಿದ್ಯಾರ್ಥಿಗಳ ಕೈಚೀಲದಲ್ಲಿರುವ ಲ್ಯಾಪ್‌ಟಾಪಿನ ಬ್ಯಾಟರಿಯು ಆ ಬಿಲ್ಲೆಗಳ ರಾಶಿಯ ದೂರದ ಸಂತತಿ.

ಲ್ಯಾಪ್‌ಟಾಪಿನ ಅಂಗಾಂಗಗಳಲ್ಲಿ ಎಲ್ಲಕ್ಕಿಂತ ಮೊದಲು ಮುಪ್ಪಾಗುವುದು ಈ ಬ್ಯಾಟರಿ. ಕೊಂಡ ಹೊಸತರಲ್ಲಿ ಐದಾರು ಗಂಟೆ ದುಡಿಯುತ್ತಿದ್ದ ಯಂತ್ರವು ಮೂರು ವರ್ಷಗಳ ತರುವಾಯ ಒಂದು ಗಂಟೆಗೇ ಕಣ್ಣು ಮುಚ್ಚುವುದುಂಟು. ಅದರ ಪರದೆ ಸರಿಯಾಗಿರುತ್ತದೆ, ಕೀಲಿಮಣೆ ಸರಿಯಾಗಿರುತ್ತದೆ, ಲೆಕ್ಕ ಮಾಡುವ ಶಕ್ತಿಯೂ ಕುಂದಿರುವುದಿಲ್ಲ. ಆದರೂ ಅದು ಗೋಡೆಯ ಪ್ಲಗ್ಗಿಗೆ ಕಟ್ಟಿಹಾಕಿದ ಹಸುವಿನಂತಾಗುತ್ತದೆ. ಸಂಜೆಯ ಹೊತ್ತಿಗೆ ಕರೆಂಟು ಹೋಗುವ ಊರಿನಲ್ಲಿ ಒಂದೇ ಲ್ಯಾಪ್‌ಟಾಪನ್ನು ನೆಚ್ಚಿ ಓದುವ ವಿದ್ಯಾರ್ಥಿಗೆ ಇದು ಸಣ್ಣ ಸಂಗತಿಯಲ್ಲ. ಹೊಸ ಬ್ಯಾಟರಿಗೆ ಸಾವಿರಾರು ರೂಪಾಯಿ ಬೇಕು. ಈಚಿನ ಯಂತ್ರಗಳಲ್ಲಿ ಬ್ಯಾಟರಿಯನ್ನು ಒಳಗೇ ಅಡಕಿಸಿರುವುದರಿಂದ ಅದನ್ನು ಬದಲಾಯಿಸುವುದಕ್ಕೂ ಕುಶಲಿಯಾದ ಕೆಲಸಗಾರನೇ ಬೇಕು. ಆದುದರಿಂದ ಬ್ಯಾಟರಿಯ ಆಯುಸ್ಸನ್ನು ಹೆಚ್ಚಿಸುವ ಬಗೆಯನ್ನು ಕುರಿತು ಅನೇಕ ಸಲಹೆಗಳು ಜನರ ಬಾಯಲ್ಲಿ ಹರಿದಾಡುತ್ತಿವೆ. ಅವುಗಳಲ್ಲಿ ಕೆಲವು ಸರಿ; ಕೆಲವು ಒಂದು ಕಾಲಕ್ಕೆ ಸರಿಯಾಗಿದ್ದು ಈಗ ತಪ್ಪಾದಂಥವು. ಯಾವುದು ಸರಿ, ಯಾವುದು ತಪ್ಪು ಎಂದು ತಿಳಿಯಬೇಕಾದರೆ ಬ್ಯಾಟರಿಯ ಒಳಗನ್ನು ಒಮ್ಮೆ ನೋಡಬೇಕು.

ಬ್ಯಾಟರಿಯೆಂದರೆ ವಿದ್ಯುತ್ತನ್ನು ತುಂಬಿಟ್ಟ ಕೊಡವೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಕೊಡಕ್ಕೆ ನೀರು ತುಂಬಿಯೇ ಇದ್ದರೂ ಬಾಧೆಯಿಲ್ಲ, ಬರಿದಾಗಿದ್ದರೂ ಬಾಧೆಯಿಲ್ಲ. ಬ್ಯಾಟರಿಯ ಸ್ವಭಾವ ಹಾಗಲ್ಲ. ಅದರೊಳಗೆ ವಿದ್ಯುತ್ತು ನೀರಿನಂತೆ ನಿಂತಿರುವುದಿಲ್ಲ. ಅಲ್ಲಿರುವುದು ರಾಸಾಯನಿಕ ವಸ್ತುಗಳು. ಲ್ಯಾಪ್‌ಟಾಪಿನ ಬ್ಯಾಟರಿಯಲ್ಲಿ ಕೆಲವು ವಿದ್ಯುತ್ಕೋಶಗಳನ್ನು ಜೋಡಿಸಿರುತ್ತಾರೆ. ಒಂದೊಂದು ಕೋಶದಲ್ಲಿಯೂ ಎರಡು ಬದಿಗಳುಂಟು. ಒಂದು ಬದಿಯಲ್ಲಿ ತಾಮ್ರದ ತೆಳು ಹಾಳೆಗೆ ಬಳಿದ ಗ್ರಾಫೈಟ್, ಇದು ಋಣಾಗ್ರ. ಇನ್ನೊಂದು ಬದಿಯಲ್ಲಿ ಅಲ್ಯೂಮಿನಿಯಮ್ಮಿನ ಹಾಳೆಗೆ ಬಳಿದ, ಕೋಬಾಲ್ಟ್ ಮುಂತಾದ ಲೋಹಗಳ ಆಕ್ಸೈಡು, ಇದು ಧನಾಗ್ರ. ಇವೆರಡೂ ಒಂದಕ್ಕೊಂದು ತಾಗದಂತೆ ನಡುವೆ ಸೂಕ್ಷ್ಮ ರಂಧ್ರಗಳುಳ್ಳ ತೆಳುವಾದ ಪ್ಲಾಸ್ಟಿಕ್ ಪೊರೆಯೊಂದಿದೆ. ಎಲ್ಲವನ್ನೂ ನೆನೆಸಿರುವುದು ಲಿಥಿಯಮ್ ಲವಣವನ್ನು ಕರಗಿಸಿದ ವಿದ್ಯುದ್ವಿಭಾಜ್ಯ ದ್ರವ.

ಗ್ರಾಫೈಟ್ ಪೆನ್ಸಿಲಿನ ಕಡ್ಡಿಯಲ್ಲಿರುವ ವಸ್ತುವೇ. ಅದು ಇಂಗಾಲದ ಪದರಗಳನ್ನು ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಇಟ್ಟ ಹಾಗಿದೆ. ಮಕ್ಕಳು ಪುಸ್ತಕದ ಹಾಳೆಗಳ ನಡುವೆ ನವಿಲುಗರಿಯನ್ನು ಇಡುವುದುಂಟಲ್ಲವೆ? ಬ್ಯಾಟರಿಯನ್ನು ಚಾರ್ಜು ಮಾಡುವಾಗ ಧನಾಗ್ರದಲ್ಲಿದ್ದ ಲಿಥಿಯಮ್ ಅಯಾನುಗಳು ದ್ರವವನ್ನು ದಾಟಿ ಬಂದು ಗ್ರಾಫೈಟಿನ ಪದರಗಳ ನಡುವೆ ಹೀಗೆಯೇ ಸೇರಿಕೊಳ್ಳುತ್ತವೆ. ಯಂತ್ರವನ್ನು ಬಳಸುವಾಗ ಅವು ಮತ್ತೆ ಧನಾಗ್ರಕ್ಕೆ ಮರಳುತ್ತವೆ. ಅದೇ ಹೊತ್ತಿಗೆ ಎಲೆಕ್ಟ್ರಾನುಗಳು ಹೊರಗಿನ ಮಂಡಲದ ಮೂಲಕ ಹರಿದು ಯಂತ್ರವನ್ನು ನಡೆಸುತ್ತವೆ. ತೂಗುಯ್ಯಾಲೆಯಂತೆ ಲಿಥಿಯಮ್ ಈ ಬದಿಯಿಂದ ಆ ಬದಿಗೆ, ಆ ಬದಿಯಿಂದ ಈ ಬದಿಗೆ ತೂಗುತ್ತಿರುತ್ತದೆ. ಈ ತೂಗಾಟದಲ್ಲಿ ಯಾವುದೂ ಸವೆಯದಿದ್ದರೆ ಬ್ಯಾಟರಿಗೆ ಮರಣವೇ ಇರುತ್ತಿರಲಿಲ್ಲ.

ಈ ಉಯ್ಯಾಲೆಯನ್ನು ಕಟ್ಟಿದವರು ಒಬ್ಬರಲ್ಲ. 1970ರ ದಶಕದಲ್ಲಿ ಅಮೆರಿಕದ ತೈಲ ಕಂಪನಿಯೊಂದರಲ್ಲಿ ದುಡಿಯುತ್ತಿದ್ದ ಸ್ಟ್ಯಾನ್ಲಿ ವಿಟಿಂಗ್‌ಹ್ಯಾಮ್, ಪದರಗಳ ನಡುವೆ ಲಿಥಿಯಮ್ಮನ್ನು ಸೇರಿಸಿ ತೆಗೆಯುವ ತತ್ತ್ವವನ್ನು ಬಳಸಿ ಮೊದಲ ಕೋಶವನ್ನು ರಚಿಸಿದರು. ಅದರ ಒಂದು ಬದಿಯಲ್ಲಿ ಶುದ್ಧ ಲಿಥಿಯಮ್ ಲೋಹವಿದ್ದುದರಿಂದ ಬೆಂಕಿಯ ಭಯವಿತ್ತು. 1980ರಲ್ಲಿ ಆಕ್ಸ್‌ಫರ್ಡಿನಲ್ಲಿ ಜಾನ್ ಗುಡ್‌ಇನಫ್ ಮತ್ತು ಅವರ ಸಂಗಡಿಗರು ಕೋಬಾಲ್ಟ್ ಆಕ್ಸೈಡನ್ನು ಧನಾಗ್ರವಾಗಿ ಬಳಸಿ ಸುಮಾರು 4 ವೋಲ್ಟುಗಳ ಕೋಶವನ್ನು ಸಾಧಿಸಿದರು. 1985ರಲ್ಲಿ ಜಪಾನಿನ ಅಕಿರ ಯೋಶಿನೊ ಲೋಹದ ಬದಲು ಇಂಗಾಲದ ಪದಾರ್ಥವನ್ನು ಋಣಾಗ್ರವಾಗಿ ಇಟ್ಟು ಅಪಾಯವನ್ನು ತಗ್ಗಿಸಿದರು. 1991ರಲ್ಲಿ ಈ ಬಗೆಯ ಬ್ಯಾಟರಿ ಮಾರುಕಟ್ಟೆಗೆ ಬಂದಿತು. ಈ ಮೂವರಿಗೂ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು. ಆಗ ಗುಡ್‌ಇನಫ್ ಅವರಿಗೆ 97 ವರ್ಷ. ನೊಬೆಲ್ ಪಡೆದವರಲ್ಲಿ ಅಷ್ಟು ವಯಸ್ಸಿನವರು ಅದುವರೆಗೆ ಯಾರೂ ಇರಲಿಲ್ಲ. 2023ರಲ್ಲಿ, ನೂರು ತುಂಬಿದ ಮೇಲೆ, ಅವರು ನಿಧನರಾದರು.

ಇನ್ನು ಬ್ಯಾಟರಿಗೆ ಮುಪ್ಪು ಬರುವ ಬಗೆಯನ್ನು ನೋಡಬೇಕು. ಕಾರ್ಖಾನೆಯಲ್ಲಿ ಕೋಶವನ್ನು ಮೊಟ್ಟಮೊದಲ ಬಾರಿಗೆ ಚಾರ್ಜು ಮಾಡುವಾಗಲೇ ದ್ರವದ ಸ್ವಲ್ಪ ಅಂಶವು ಗ್ರಾಫೈಟಿನ ಮೇಲ್ಮೈಯಲ್ಲಿ ವಿಭಜನೆಗೊಂಡು ಅತಿ ತೆಳುವಾದ ಪೊರೆಯಾಗಿ ಕೂರುತ್ತದೆ. ಈ ಪೊರೆ ಬೇಕು. ಅದು ಲಿಥಿಯಮ್ಮನ್ನು ಒಳಕ್ಕೆ ಬಿಡುತ್ತದೆ. ದ್ರವವು ಮತ್ತಷ್ಟು ಕೆಡದಂತೆ ತಡೆಯುತ್ತದೆ. ಆದರೆ ತಡೆ ಪೂರ್ಣವಲ್ಲ. ದಿನಗಳೆದಂತೆ ಪೊರೆ ದಪ್ಪವಾಗುತ್ತದೆ. ಅದರಲ್ಲಿ ಸಿಕ್ಕಿಕೊಂಡ ಲಿಥಿಯಮ್ ಮತ್ತೆ ತೂಗಾಟಕ್ಕೆ ಬರುವುದಿಲ್ಲ. ಪದರಗಳು ಲಿಥಿಯಮ್ಮನ್ನು ಒಳಗೊಂಡಾಗ ಉಬ್ಬಿ, ಬಿಟ್ಟಾಗ ಕುಗ್ಗುವುದರಿಂದ ಪೊರೆಯಲ್ಲಿ ಬಿರುಕು ಮೂಡುತ್ತದೆ. ಬಿರುಕನ್ನು ಮುಚ್ಚಲು ಇನ್ನಷ್ಟು ಲಿಥಿಯಮ್ ವ್ಯಯವಾಗುತ್ತದೆ. ಅತ್ತ ಧನಾಗ್ರದಲ್ಲಿಯೂ ಕಣಗಳು ಬಿರಿಯುತ್ತವೆ. ಹೀಗೆ ಬ್ಯಾಟರಿ ಎರಡು ಬಗೆಯಲ್ಲಿ ಸವೆಯುತ್ತದೆ: ದುಡಿದು ಸವೆಯುವುದು ಒಂದು, ಸುಮ್ಮನಿದ್ದೂ ಸವೆಯುವುದು ಇನ್ನೊಂದು. ಕಪಾಟಿನಲ್ಲಿ ಇಟ್ಟ ಹೊಸ ಬ್ಯಾಟರಿಗೂ ವಯಸ್ಸಾಗುತ್ತದೆಂಬುದನ್ನು ಅನೇಕರು ಅರಿಯರು.

ಈ ಸವೆತವನ್ನು ಪೂರ್ಣವಾಗಿ ನಿಲ್ಲಿಸಲು ಬಾರದು. ಅದರ ವೇಗವನ್ನು ತಗ್ಗಿಸಬಹುದು. ವೇಗವನ್ನು ಹೆಚ್ಚಿಸುವ ಶತ್ರುಗಳಲ್ಲಿ ಮೊದಲನೆಯದು ಶಾಖ. ಬಿಸಿ ಹೆಚ್ಚಿದಷ್ಟೂ ರಾಸಾಯನಿಕ ಕ್ರಿಯೆಗಳು ಚುರುಕಾಗುತ್ತವೆ. ಬೇಸಗೆಯಲ್ಲಿ ಹಾಲು ಬೇಗ ಒಡೆಯುವಂತೆ ಬೇಸಗೆಯಲ್ಲಿ ಬ್ಯಾಟರಿಯೂ ಬೇಗ ಕೆಡುತ್ತದೆ. ಕಲಬುರಗಿ, ರಾಯಚೂರುಗಳಲ್ಲಿ ಬೇಸಗೆಯ ತಾಪ 40 ಡಿಗ್ರಿ ಸೆಲ್ಸಿಯಸ್ಸನ್ನು ಮೀರುತ್ತದೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಅದು ಇನ್ನೂ ಬಹಳ ಏರುತ್ತದೆ. ಅಂತಹ ಕಡೆ ಬಿಟ್ಟ ಲ್ಯಾಪ್‌ಟಾಪು ಒಂದು ಮಧ್ಯಾಹ್ನದಲ್ಲಿ ಕಳೆದುಕೊಳ್ಳುವ ಆಯುಸ್ಸನ್ನು ಮತ್ತೆ ಯಾವ ಉಪಾಯದಿಂದಲೂ ಪಡೆಯಲಾಗದು. ಹೊರಗಿನ ಬಿಸಿ ಮಾತ್ರವಲ್ಲ, ಯಂತ್ರವು ತಾನೇ ಹುಟ್ಟಿಸುವ ಬಿಸಿಯೂ ಇದೆ. ಅದನ್ನು ಹೊರಹಾಕಲು ತಳದಲ್ಲಿಯೂ ಪಕ್ಕದಲ್ಲಿಯೂ ಗಾಳಿಕಂಡಿಗಳಿರುತ್ತವೆ. ಹಾಸಿಗೆಯ ಮೇಲೆ, ಕಂಬಳಿಯ ಮೇಲೆ, ದಿಂಬಿನ ಮೇಲೆ ಇಟ್ಟು ಬಳಸಿದರೆ ಈ ಕಂಡಿಗಳು ಮುಚ್ಚಿಹೋಗುತ್ತವೆ. ಮರದ ಮೇಜು, ಕೊನೆಗೆ ಒಂದು ಗಟ್ಟಿ ರಟ್ಟು ಅಥವಾ ಹಲಗೆಯಾದರೂ ಸಾಕು. ಕಂಡಿಗಳಲ್ಲಿ ಸೇರುವ ಧೂಳನ್ನು ಆಗಾಗ ತೆಗೆಸುವುದೂ ಒಳ್ಳೆಯದು. ಬೆಲೆ ಕೊಡಬೇಕಾಗಿಲ್ಲದ ಈ ಒಂದು ಎಚ್ಚರಿಕೆಯು ಉಳಿದ ಹತ್ತು ಉಪಾಯಗಳಿಗಿಂತ ಹೆಚ್ಚಿನದೆನ್ನಬೇಕು. ಚಳಿಯ ಅಪಾಯ ಬೇರೆ ಬಗೆಯದು. ಲಡಾಖಿನಂತಹ ಪ್ರದೇಶದಲ್ಲಿ ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜು ಮಾಡಿದರೆ ಲಿಥಿಯಮ್ ಪದರಗಳ ಒಳಕ್ಕೆ ಹೋಗಲಾರದೆ ಹೊರಗೇ ಲೋಹವಾಗಿ ಕೂರುತ್ತದೆ.

ಎರಡನೆಯ ಶತ್ರುವನ್ನು ಶತ್ರುವೆಂದು ನಂಬುವುದೇ ಕಷ್ಟ. ಅದು ತುಂಬಿದ ಸ್ಥಿತಿ. ಕೋಶವೊಂದು ಬರಿದಾದಾಗ ಅದರ ವೋಲ್ಟೇಜು ಸುಮಾರು 3, ಪೂರ್ತಿ ತುಂಬಿದಾಗ ಸಾಮಾನ್ಯವಾಗಿ 4.2. ವೋಲ್ಟೇಜು ಏರಿದಷ್ಟೂ ಒಳಗಿನ ವಸ್ತುಗಳು ಹೆಚ್ಚು ಕ್ರಿಯಾಶೀಲವಾಗಿ ದ್ರವವನ್ನು ಕೆಡಿಸುತ್ತವೆ. ಪೂರ್ತಿ ಹೆದೆಯೇರಿಸಿ ಹಾಗೆಯೇ ಬಿಟ್ಟ ಬಿಲ್ಲಿನಂತೆ ತುಂಬಿದ ಬ್ಯಾಟರಿ ಸದಾ ಬಿಗಿತದಲ್ಲಿರುತ್ತದೆ. ಇಲ್ಲಿ ಸ್ವಾರಸ್ಯದ ಸಂಗತಿಯೊಂದಿದೆ. ಪರದೆಯ ಮೇಲೆ ಕಾಣುವ 'ಶೇಕಡ 100' ಎಂಬುದು ಪ್ರಕೃತಿ ಹಾಕಿದ ಗೆರೆಯಲ್ಲ, ತಯಾರಕರು ಹಾಕಿದ ಗೆರೆ. ಕೋಬಾಲ್ಟ್ ಆಕ್ಸೈಡಿನಲ್ಲಿರುವ ಲಿಥಿಯಮ್ಮನ್ನೆಲ್ಲ ಹೊರಕ್ಕೆ ಎಳೆದರೆ ಅದರ ಪದರಗಳು ಆಧಾರ ತಪ್ಪಿದ ಮಹಡಿಯಂತೆ ಕುಸಿಯುತ್ತವೆ. ಆದುದರಿಂದ ಸುಮಾರು ಅರ್ಧದಷ್ಟನ್ನು ಮಾತ್ರ ತೆಗೆದು ಅಲ್ಲಿಗೆ ನಿಲ್ಲಿಸುತ್ತಾರೆ. ಆ ಗೆರೆಯನ್ನು ಇನ್ನೂ ಸ್ವಲ್ಪ ಕೆಳಗೆ ಎಳೆದರೆ ದಿನದ ದುಡಿಮೆ ಕಡಿಮೆಯಾದರೂ ಒಟ್ಟು ಆಯುಸ್ಸು ಹೆಚ್ಚುತ್ತದೆ.

ಶಾಖ ಮತ್ತು ತುಂಬಿದ ಸ್ಥಿತಿ ಎರಡೂ ಕೂಡಿದರೆ ಆಗುವ ಹಾನಿಯನ್ನು ಅಳತೆಗಳಿಂದ ತಿಳಿಯಬಹುದು. ಕೋಬಾಲ್ಟ್ ಬಗೆಯ ಬ್ಯಾಟರಿಗಳ ವಿಷಯದಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಒಂದು ಕೋಷ್ಟಕದಂತೆ, 25 ಡಿಗ್ರಿಯಲ್ಲಿ ಶೇಕಡ 40ರಷ್ಟು ತುಂಬಿ ಒಂದು ವರ್ಷ ಇಟ್ಟ ಬ್ಯಾಟರಿ ತನ್ನ ಸಾಮರ್ಥ್ಯದಲ್ಲಿ ಸುಮಾರು ಶೇಕಡ 4ನ್ನು ಕಳೆದುಕೊಂಡರೆ, ಅದೇ ತಾಪದಲ್ಲಿ ಪೂರ್ತಿ ತುಂಬಿ ಇಟ್ಟದ್ದು ಸುಮಾರು ಶೇಕಡ 20ನ್ನು ಕಳೆದುಕೊಳ್ಳುತ್ತದೆ. 40 ಡಿಗ್ರಿಯ ಬಿಸಿಯಲ್ಲಿ ಪೂರ್ತಿ ತುಂಬಿ ಇಟ್ಟದ್ದರ ನಷ್ಟ ಸುಮಾರು ಶೇಕಡ 35. ಇವೆಲ್ಲವೂ ಒಮ್ಮೆಯೂ ಬಳಸದೆ ಸುಮ್ಮನೆ ಇಟ್ಟ ಬ್ಯಾಟರಿಗಳ ಲೆಕ್ಕ!

ದಿನವಿಡೀ ಪ್ಲಗ್ಗಿಗೆ ಸಿಕ್ಕಿಸಿದರೆ ಬ್ಯಾಟರಿಗೆ ಅತಿಯಾಗಿ ವಿದ್ಯುತ್ತು ತುಂಬಿ ಅದು ಸಿಡಿಯುತ್ತದೆಯೆಂಬ ಹೆದರಿಕೆ ಕೆಲವರಲ್ಲಿದೆ. ಹಾಗಾಗುವುದಿಲ್ಲ, ತುಂಬಿದೊಡನೆ ಒಳಗಿನ ರಕ್ಷಣಾ ಮಂಡಲವು ವಿದ್ಯುತ್ತನ್ನು ತಡೆಯುತ್ತದೆ. ತೊಂದರೆ ಇರುವುದು ಅತಿಯಾಗಿ ತುಂಬುವುದರಲ್ಲಿ ಅಲ್ಲ, ತುಂಬಿದ ಸ್ಥಿತಿಯಲ್ಲಿಯೇ ಬೆಚ್ಚಗೆ ತಿಂಗಳುಗಟ್ಟಲೆ ಇರುವುದರಲ್ಲಿ. ಇದನ್ನರಿತ ಅನೇಕ ತಯಾರಕರು ಶೇಕಡ 80ರಲ್ಲಿ ಚಾರ್ಜನ್ನು ನಿಲ್ಲಿಸುವ ಏರ್ಪಾಡನ್ನು ಯಂತ್ರದಲ್ಲಿಯೇ ಇಟ್ಟಿದ್ದಾರೆ. ಮೇಜಿನ ಮೇಲೆ ಪ್ಲಗ್ಗಿಗೆ ಸಿಕ್ಕಿಸಿಯೇ ಹೆಚ್ಚು ಹೊತ್ತು ಬಳಸುವವರು ಈ ಏರ್ಪಾಡನ್ನು ಹುಡುಕಿ ಚಾಲನೆಗೊಳಿಸುವುದು ಜಾಣತನ. ಆದರೆ ನಾಳೆ ದೂರದ ಊರಿಗೆ ಪ್ರಯಾಣವಿದ್ದರೆ, ಅಥವಾ ಇಡೀ ದಿನ ಕರೆಂಟು ಇರದೆಂದು ತಿಳಿದಿದ್ದರೆ, ಸಂಕೋಚವಿಲ್ಲದೆ ಪೂರ್ತಿ ತುಂಬಬೇಕು. ಬ್ಯಾಟರಿ ಇರುವುದು ಬಳಸುವುದಕ್ಕೆ. ಅದನ್ನು ಕಾಪಾಡುವ ಭರದಲ್ಲಿ ಕೆಲಸವನ್ನೇ ಕೆಡಿಸಿಕೊಳ್ಳುವುದು ವಿವೇಕವಲ್ಲ.

ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಿದ ಮೇಲೆಯೇ ಮತ್ತೆ ಚಾರ್ಜು ಮಾಡಬೇಕೆಂಬುದು ಹಿರಿಯರಿಂದ ಕೇಳಿಬರುವ ಇನ್ನೊಂದು ಸಲಹೆ. ಇದು ಹುಟ್ಟಿದ ಕಥೆ ತಿಳಿಯತಕ್ಕದ್ದು. ಲಿಥಿಯಮ್ಮಿಗೆ ಮೊದಲು ನಿಕ್ಕಲ್ ಮತ್ತು ಕ್ಯಾಡ್ಮಿಯಮ್ ಲೋಹಗಳ ಬ್ಯಾಟರಿ ಬಳಕೆಯಲ್ಲಿತ್ತು. ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ಅದನ್ನು ಕಂಡುಹಿಡಿದಿದ್ದನು. ಭೂಮಿಯನ್ನು ಸುತ್ತುವ ಉಪಗ್ರಹಗಳಲ್ಲಿಯೂ ಈ ಬ್ಯಾಟರಿಗಳನ್ನೇ ಇಡುತ್ತಿದ್ದರು. ಉಪಗ್ರಹವು ಸೂರ್ಯನ ಬೆಳಕಿನಲ್ಲಿದ್ದಾಗ ಬ್ಯಾಟರಿ ತುಂಬುವುದು. ಭೂಮಿಯ ನೆರಳನ್ನು ಹೊಕ್ಕಾಗ ಸ್ವಲ್ಪ ಬರಿದಾಗುವುದು. ಪ್ರತಿಯೊಂದು ಸುತ್ತಿನಲ್ಲಿಯೂ ಕರಾರುವಾಕ್ಕಾಗಿ ಒಂದೇ ಮಟ್ಟದವರೆಗೆ ಬರಿದಾಗಿ ಮತ್ತೆ ತುಂಬುತ್ತಿದ್ದ ಆ ಬ್ಯಾಟರಿ, ಕ್ರಮೇಣ ಆ ಮಟ್ಟವನ್ನು 'ನೆನಪಿಟ್ಟುಕೊಂಡು' ಅದಕ್ಕಿಂತ ಕೆಳಗೆ ದುಡಿಯಲು ಒಲ್ಲೆನೆನ್ನುವಂತೆ ತೋರಿತು. ಪೂರ್ತಿ ಬರಿದು ಮಾಡಿ ತುಂಬಿದರೆ ಈ ದೋಷ ನೀಗುತ್ತಿತ್ತು. ಅಂದಿನ ಸಲಹೆ ಅಂದಿನ ಬ್ಯಾಟರಿಗೆ ಸರಿಯಾದುದೇ. ಬ್ಯಾಟರಿ ಬದಲಾಯಿತು, ಸಲಹೆ ಮಾತ್ರ ಬಾಯಿಂದ ಬಾಯಿಗೆ ಹಾಗೆಯೇ ಉಳಿದುಬಂದಿತು.

ಲಿಥಿಯಮ್ ಬ್ಯಾಟರಿಗೆ ಅಂತಹ ನೆನಪಿನ ಕಾಟವಿಲ್ಲವೆಂದೇ ಹೇಳಬಹುದು. ಬದಲಿಗೆ, ಆಳವಾಗಿ ಬರಿದು ಮಾಡುವುದರಿಂದ ಅದಕ್ಕೆ ಕೇಡೇ ಹೆಚ್ಚು. ಪದರಗಳು ಪೂರ್ತಿ ಉಬ್ಬಿ ಪೂರ್ತಿ ಕುಗ್ಗುವುದಕ್ಕಿಂತ ಸ್ವಲ್ಪ ಉಬ್ಬಿ ಸ್ವಲ್ಪ ಕುಗ್ಗಿದರೆ ಬಿರುಕು ಕಡಿಮೆ. ಶೇಕಡ 20ಕ್ಕೆ ಇಳಿದಾಗ ಚಾರ್ಜರನ್ನು ಸಿಕ್ಕಿಸಿ 80ರ ಆಸುಪಾಸಿನಲ್ಲಿ ತೆಗೆಯುವುದು ಹಿತವಾದ ರೂಢಿ. ಪದೇಪದೇ ಚಾರ್ಜು ಮಾಡಿದರೆ ಎಣಿಕೆ ಮುಗಿದುಹೋಗುವುದೆಂದು ಅಂಜಬೇಕಾಗಿಲ್ಲ. ತಯಾರಕರು ಹೇಳುವ ಮುನ್ನೂರು, ಐನೂರು ಅಥವಾ ಸಾವಿರ ಆವರ್ತಗಳಲ್ಲಿ ಒಂದು ಆವರ್ತವೆಂದರೆ ಪ್ಲಗ್ಗಿಗೆ ಒಮ್ಮೆ ಸಿಕ್ಕಿಸಿದ್ದಲ್ಲ. ಒಟ್ಟು ಶೇಕಡ ನೂರರಷ್ಟು ಬಳಸಿದ್ದು. ಇಂದು ಅರ್ಧ, ನಾಳೆ ಅರ್ಧ ಬಳಸಿ ತುಂಬಿದರೆ ಎರಡೂ ಸೇರಿ ಒಂದೇ ಆವರ್ತ. ರಜೆಗೆ ಊರಿಗೆ ಹೋಗುವಾಗ ಯಂತ್ರವನ್ನು ಬಿಟ್ಟುಹೋಗಬೇಕಾದರೆ ಅರ್ಧದಷ್ಟು ತುಂಬಿ, ಪೂರ್ತಿ ಆರಿಸಿ, ತಂಪಾದ ಒಣ ಜಾಗದಲ್ಲಿ ಇಡಬೇಕು. ಬರಿದಾಗಿ ಇಟ್ಟರೆ ಅದು ತಾನಾಗಿ ಇನ್ನಷ್ಟು ಇಳಿದು, ಒಳಗಿನ ತಾಮ್ರವೇ ಕರಗುವ ಮಟ್ಟವನ್ನು ಮುಟ್ಟಬಹುದು. ಅದಕ್ಕೆ ಮೊದಲೇ ರಕ್ಷಣಾ ಮಂಡಲವು ಬ್ಯಾಟರಿಗೆ ಬೀಗ ಹಾಕುತ್ತದೆ.

ಒಂದು ಮಾತಿಗೆ ಮಾತ್ರ ಇಲ್ಲಿ ಎಡೆಯಿದೆ. ಪರದೆಯ ಮೇಲೆ ತೋರುವ ಶೇಕಡಾವಾರು ಒಂದು ಅಂದಾಜು. ಬಹುಕಾಲ ಪೂರ್ತಿ ಬರಿದಾಗದೆ ಇದ್ದರೆ ಈ ಅಂದಾಜು ದಾರಿ ತಪ್ಪಿ, ಶೇಕಡ 25 ಎಂದು ತೋರುತ್ತಿರುವಾಗಲೇ ಯಂತ್ರ ಆರಿಹೋಗಬಹುದು. ಹಾಗಾದಾಗ ಒಮ್ಮೆ ಪೂರ್ತಿ ತುಂಬಿ, ಪೂರ್ತಿ ಬಳಸಿ, ಮತ್ತೆ ತುಂಬಿದರೆ ಅಂದಾಜು ಸರಿಹೋಗುತ್ತದೆ. ಇದರಿಂದ ಗುಣವಾಗುವುದು ಅಳೆಯುವ ಮಾಪಕವೇ ಹೊರತು ಬ್ಯಾಟರಿಯಲ್ಲ.

ಬ್ಯಾಟರಿ ದುಡಿದು ಸವೆಯುವುದಾದರೆ, ದುಡಿಮೆಯ ಹೊರೆಯನ್ನು ತಗ್ಗಿಸುವುದೂ ಆಯುಸ್ಸನ್ನು ಬೆಳೆಸುವ ದಾರಿಯೇ. ಇದಕ್ಕೆ ಸರಳವಾದ ಭಾಗಾಕಾರ ಸಾಕು. ಬ್ಯಾಟರಿಯ ಸಾಮರ್ಥ್ಯವನ್ನು ವಾಟ್-ಗಂಟೆಗಳಲ್ಲಿ ಹೇಳುತ್ತಾರೆ. 50 ವಾಟ್-ಗಂಟೆಯ ಬ್ಯಾಟರಿಯುಳ್ಳ ಯಂತ್ರದಲ್ಲಿ ಬರವಣಿಗೆಯಂತಹ ಹಗುರ ಕೆಲಸಕ್ಕೆ 10 ವಾಟ್ ಬೇಕಾದರೆ ಅದು 5 ಗಂಟೆ ನಡೆಯುತ್ತದೆ. ಆಟವಾಡಲು 25 ವಾಟ್ ಬೇಕಾದರೆ 2 ಗಂಟೆಗೇ ಮುಗಿಯುತ್ತದೆ. ಹಗುರ ಕೆಲಸದಲ್ಲಿ ಹೆಚ್ಚಿನ ಪಾಲನ್ನು ನುಂಗುವುದು ಪರದೆಯ ಬೆಳಕು. ಕೋಣೆಯೊಳಗೆ ಅದನ್ನು ಅರ್ಧಕ್ಕೆ ಇಳಿಸಿದರೆ ಕಣ್ಣಿಗೂ ಹಿತ, ಬ್ಯಾಟರಿಗೂ ಹಿತ. ಬೇಡದ ಪುಟಗಳನ್ನೂ ಕಾರ್ಯಕ್ರಮಗಳನ್ನೂ ಹಿನ್ನೆಲೆಯಲ್ಲಿ ತೆರೆದಿಟ್ಟರೆ ಅವು ಕಾಣದ ಬಾಯಿಗಳಾಗಿ ವಿದ್ಯುತ್ತನ್ನು ಮೇಯುತ್ತಿರುತ್ತವೆ. ಮುಚ್ಚಳ ಹಾಕಿ ಮಲಗಿಸಿದ ಯಂತ್ರವೂ ಪೂರ್ತಿ ನಿದ್ರಿಸುವುದಿಲ್ಲ. ರಾತ್ರಿಯಿಡೀ ಬಳಸದಿದ್ದರೆ ಆರಿಸಿಬಿಡುವುದು ಮೇಲು.

ಇಷ್ಟೆಲ್ಲ ಮಾಡಿದರೂ ಒಂದು ದಿನ ಬ್ಯಾಟರಿ ಮುಗಿಯುತ್ತದೆ. ಹೊಸತರಲ್ಲಿದ್ದ ಸಾಮರ್ಥ್ಯವೆಷ್ಟು, ಈಗ ಉಳಿದಿರುವುದೆಷ್ಟು ಎಂಬುದನ್ನು ತಿಳಿಸುವ ವರದಿಯನ್ನು ಅನೇಕ ಯಂತ್ರಗಳು ತಾವೇ ಕೊಡುತ್ತವೆ. ಆದರೆ ವರದಿಗಾಗಿ ಕಾಯದೆ ಗಮನಿಸಬೇಕಾದ ಚಿಹ್ನೆ ಒಂದುಂಟು. ಒಳಗೆ ಅನಿಲ ಸೇರಿ ಬ್ಯಾಟರಿ ಉಬ್ಬಿದರೆ ಕೀಲಿಮಣೆ ಮೇಲಕ್ಕೇಳುತ್ತದೆ, ಅಥವಾ ಯಂತ್ರ ಮೇಜಿನ ಮೇಲೆ ಸಮವಾಗಿ ಕೂರುವುದಿಲ್ಲ. ಆಗ ಅದನ್ನು ಚಾರ್ಜು ಮಾಡುವುದನ್ನು ತಕ್ಷಣ ನಿಲ್ಲಿಸಿ ತಿಳಿದವರಿಂದ ತೆಗೆಸಬೇಕು. ಒತ್ತುವುದಾಗಲಿ ಚುಚ್ಚುವುದಾಗಲಿ ಕೂಡದು. ನಡುವಿನ ಆ ತೆಳು ಪೊರೆ ಹರಿದು ಎರಡು ಬದಿಗಳೂ ತಾಗಿದರೆ ಬೆಂಕಿ ಹತ್ತುತ್ತದೆ. 2006ರಲ್ಲಿ ಲಕ್ಷಾಂತರ ಲ್ಯಾಪ್‌ಟಾಪ್ ಬ್ಯಾಟರಿಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಬೇಕಾಯಿತು; ತಯಾರಿಕೆಯಲ್ಲಿ ಕೋಶಗಳ ಒಳಗೆ ಸೇರಿಕೊಂಡಿದ್ದ ಸೂಕ್ಷ್ಮ ಲೋಹದ ಚೂರುಗಳೇ ಅದಕ್ಕೆ ಕಾರಣ.

ಬ್ಯಾಟರಿಯೊಂದು ಎರಡು ವರ್ಷಕ್ಕೆ ಬದಲು ನಾಲ್ಕು ವರ್ಷ ಬಾಳಿದರೆ ಉಳಿಯುವುದು ಅದನ್ನು ಕೊಂಡವನ ಹಣ ಮಾತ್ರವಲ್ಲ. ಜಗತ್ತಿನ ಗಣಿಗಳಿಂದ ಬರುವ ಕೋಬಾಲ್ಟಿನಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚಿನ ಪಾಲು ಆಫ್ರಿಕದ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ್ದು. ಅಲ್ಲಿ ದೊಡ್ಡ ಗಣಿಗಳ ಜೊತೆಗೆ, ಕೈಯಿಂದಲೇ ಸುರಂಗ ತೋಡಿ ಅದಿರು ಹೊರುವ ಬಡವರೂ ಇದ್ದಾರೆ. ಅವರಲ್ಲಿ ಶಾಲೆಗೆ ಹೋಗಬೇಕಾದ ವಯಸ್ಸಿನ ಮಕ್ಕಳೂ ಇರುವುದನ್ನು ಅಮ್ನೆಸ್ಟಿ ಇಂಟರ್‌ನ್ಯಾಷನಲ್ ಸಂಸ್ಥೆ 2016ರಲ್ಲಿ ಪ್ರಕಟಿಸಿತು. ಭಾರತವು ಲಿಥಿಯಮ್ಮಿಗಾಗಿ ಹೊರದೇಶಗಳನ್ನು ಅವಲಂಬಿಸಿದೆ. ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣ ಪ್ರದೇಶದ ಶಿಲೆಗಳಲ್ಲಿ ಸುಮಾರು 1,600 ಟನ್ ಲಿಥಿಯಮ್ ಇರುವುದೆಂದು ಪ್ರಾಥಮಿಕ ಶೋಧದಿಂದ ಅಂದಾಜು ಮಾಡಲಾಗಿದೆಯೆಂದು 2021ರಲ್ಲಿ ಕೇಂದ್ರ ಸರ್ಕಾರವು ತಿಳಿಸಿತು. ದೇಶದ ಬೇಡಿಕೆಯ ಮುಂದೆ ಅದು ಅಲ್ಪವೇ.

ಮುಗಿದ ಬ್ಯಾಟರಿಯನ್ನು ಮನೆಯ ಕಸದೊಡನೆ ಎಸೆಯಬಾರದು. ಕಸದ ಗಾಡಿಯಲ್ಲಿ ಅದು ಜಜ್ಜಿದರೆ ಬೆಂಕಿಯಾಗುತ್ತದೆ. 2022ರಲ್ಲಿ ಜಾರಿಗೆ ಬಂದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ, ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಸಂಸ್ಕರಿಸುವ ಹೊಣೆ ಅವುಗಳನ್ನು ಮಾರುಕಟ್ಟೆಗೆ ತಂದ ಉತ್ಪಾದಕರ ಮೇಲಿದೆ. ಅವನ್ನು ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೋ ಮಾರಿದ ಅಂಗಡಿಗೋ ಒಪ್ಪಿಸಬಹುದು. ಸಂಸ್ಕರಣ ಘಟಕದಲ್ಲಿ ಉಳಿದ ವಿದ್ಯುತ್ತನ್ನು ಬಸಿದು, ಕೋಶಗಳನ್ನು ಚೂರು ಮಾಡಿ, ತಾಮ್ರ ಮತ್ತು ಅಲ್ಯೂಮಿನಿಯಮ್ಮಿನ ಹಾಳೆಗಳನ್ನು ಬೇರ್ಪಡಿಸುತ್ತಾರೆ. ಕೊನೆಗೆ ಮಸಿಯಂತಹ ಕಪ್ಪು ಪುಡಿಯೊಂದು ಉಳಿಯುತ್ತದೆ. ಅದನ್ನು ಆಮ್ಲದಲ್ಲಿ ಕರಗಿಸಿ ಕೋಬಾಲ್ಟ್, ನಿಕ್ಕಲ್, ಲಿಥಿಯಮ್ಮುಗಳನ್ನು ಒಂದೊಂದಾಗಿ ಹೊರತೆಗೆಯುತ್ತಾರೆ. ಲೋಹಗಳಿಗೆ ಮುಪ್ಪಿಲ್ಲ, ಹೀಗೆ ಬಂದ ಕೋಬಾಲ್ಟ್, ಗಣಿಯಿಂದ ಬಂದುದಕ್ಕೆ ಸಮನಾಗಿಯೇ ಇನ್ನೊಂದು ಬ್ಯಾಟರಿಯ ಧನಾಗ್ರವಾಗುತ್ತದೆ.